ನೋವು ನಿಂತರೆ ಕಲ್ಲು ಹೋಯಿತೆಂದಲ್ಲ
ಮೂತ್ರಪಿಂಡದ ಕಲ್ಲು: ರೋಗಿಗೂ ಮನೆಯವರಿಗೂ ತಿಳಿದಿರಬೇಕಾದ ಸಂಗತಿಗಳು

ನಮ್ಮ ಜಿಲ್ಲೆಯಲ್ಲಿ ಮಾರ್ಚ್ ತಿಂಗಳು ಕಳೆಯುತ್ತಿದ್ದಂತೆ ಬಿಸಿಲು ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಆ ಬಿಸಿಲಿನಲ್ಲೇ ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಸೀಳುವವರು, ಹುನಗುಂದದ ಹೊಲಗಳಲ್ಲಿ ಕೂಲಿ ಮಾಡುವವರು, ಬಾದಾಮಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಆಟೋದವರು, ಬಾಗಲಕೋಟೆಯ ಸಂತೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡವರು ದಿನವಿಡೀ ದುಡಿಯುತ್ತಾರೆ. ನೆರಳಿನಲ್ಲಿ ಕೆಲಸ ಮಾಡುವ ಇಳಕಲ್ ಸೀರೆಯ ನೇಕಾರರೂ ಸುಖವಾಗಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತರೆ, ಎದ್ದು ನೀರು ಕುಡಿಯುವುದಕ್ಕೂ ಮೂತ್ರಕ್ಕೆ ಹೋಗುವುದಕ್ಕೂ ಮನಸ್ಸು ಬರುವುದಿಲ್ಲ. ಹೊಲಕ್ಕೆ ಹೋಗುವ ಅಥವಾ ದೂರದ ಬಸ್ಸು ಹತ್ತುವ ಹೆಣ್ಣುಮಕ್ಕಳು ಶೌಚಾಲಯ ಸಿಗದೆಂಬ ಕಾರಣಕ್ಕೆ ಬೆಳಿಗ್ಗೆಯಿಂದಲೇ ನೀರು ಕಡಿಮೆ ಮಾಡುತ್ತಾರೆ. ಇವರೆಲ್ಲರಿಗೂ ಸಮಾನವಾಗಿ ಕಾಡುವ ರೋಗ ಮೂತ್ರಪಿಂಡದ ಕಲ್ಲು. ಮನೆಮಾತಿನಲ್ಲಿ ಇದನ್ನು ಪಥ್ರಿ ಎನ್ನುತ್ತೇವೆ.

ಈ ರೋಗದ ನೋವಿನ ಬಗ್ಗೆ ಹೇಳಬೇಕಾದ ಅಗತ್ಯವಿಲ್ಲ, ಅನುಭವಿಸಿದವರು ಮರೆಯುವುದಿಲ್ಲ. ಆದರೆ ನೋವು ನಿಂತ ಮೇಲೆ ನಡೆಯುವುದರ ಬಗ್ಗೆ ನಮ್ಮ ಮನೆಗಳಲ್ಲಿ ತಿಳುವಳಿಕೆ ಕಡಿಮೆ. ಒಂದು ಇಂಜೆಕ್ಷನ್ನಿನಿಂದ ನೋವು ಇಳಿಯಿತು, ‘ಅಲ್‌ಹಮ್ದುಲಿಲ್ಲಾಹ್, ಕಲ್ಲು ಬಿದ್ದುಹೋಯಿತು’ ಎಂದು ಎಲ್ಲರೂ ಕೆಲಸಕ್ಕೆ ಮರಳುತ್ತಾರೆ. ಕೆಲವರಿಗೆ ನಿಜವಾಗಿಯೂ ಕಲ್ಲು ಬಿದ್ದಿರುತ್ತದೆ. ಇನ್ನು ಕೆಲವರಿಗೆ ಅದು ನಾಳದಲ್ಲಿ ಸಿಕ್ಕಿಕೊಂಡೇ ಇದ್ದು, ತಿಂಗಳುಗಟ್ಟಲೆ ಸದ್ದಿಲ್ಲದೆ ಕಿಡ್ನಿಯನ್ನು ಹಾಳು ಮಾಡುತ್ತಿರುತ್ತದೆ. ಈ ಲೇಖನದಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಮಾತು ಇದೇ.

ಕಲ್ಲು ಕಟ್ಟುವುದು ಹೇಗೆ?

ಮಹಾಲಿಂಗಪುರದ ಕಡೆ ಬೆಲ್ಲ ಮಾಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಕರಗಿಯೇ ಇರುತ್ತದೆ. ನೀರು ಆವಿಯಾಗಿ ಪಾಕ ದಪ್ಪವಾದಾಗ ಅದು ಗಟ್ಟಿಯಾಗುತ್ತದೆ. ಮೂತ್ರದಲ್ಲಿಯೂ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮೊದಲಾದ ಲವಣಗಳು ಕರಗಿರುತ್ತವೆ. ಬೆವರಿನಲ್ಲಿ ನೀರು ಹೋಗಿ, ಕುಡಿದದ್ದು ಸಾಲದೆ ಬಂದಾಗ ಮೂತ್ರ ದಪ್ಪವಾಗಿ ಲವಣಗಳು ಹರಳುಗಟ್ಟುತ್ತವೆ. ಹರಳಿಗೆ ಹರಳು ಕೂಡಿ ಕಲ್ಲಾಗುತ್ತದೆ.

ನಮ್ಮ ಹಳೆಯ ಹಕೀಮರಿಗೂ ಈ ವಿಷಯ ತಿಳಿದಿತ್ತು. ಹತ್ತನೆಯ ಶತಮಾನದ ಸುಮಾರಿಗೆ ಬಾಳಿದ ಅಲ್ ರಾಝಿ ಕಿಡ್ನಿ ಮತ್ತು ಮೂತ್ರಕೋಶದ ಕಲ್ಲಿನ ಮೇಲೆಯೇ ಪ್ರತ್ಯೇಕ ಗ್ರಂಥ ಬರೆದರು. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ, ಗಾಢವಾದ ಅಂಟುದ್ರವಕ್ಕೆ ಶಾಖ ಸೇರಿದಾಗ ಕಲ್ಲು ಕಟ್ಟುತ್ತದೆಂದು ವಿವರಿಸಿದ್ದಾರೆ. ಇಂದಿನ ರಸಾಯನಶಾಸ್ತ್ರದ ಭಾಷೆ ಬೇರೆ. ಆದರೂ ದ್ರವ ದಪ್ಪವಾಗಲು ಬಿಡಬಾರದೆಂಬ ಪಾಠ ಎರಡರಲ್ಲಿಯೂ ಇದೆ.

ಎಲ್ಲ ಕಲ್ಲುಗಳೂ ಒಂದೇ ಬಗೆಯಲ್ಲ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಕೆಲವು ಯೂರಿಕ್ ಆಮ್ಲದವು, ಕೆಲವು ಮೂತ್ರದ ಸೋಂಕಿನಿಂದ ಬೆಳೆಯುವವು. ಸಿಸ್ಟೀನ್ ಎಂಬ ಅಪರೂಪದ ಕಲ್ಲು ವಂಶಪಾರಂಪರ್ಯವಾಗಿ ಬರುತ್ತದೆ. ಚಿಕ್ಕ ಮಕ್ಕಳಲ್ಲಿ ಕಲ್ಲು ಕಂಡರೆ, ಅದರಲ್ಲೂ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರೆ, ಇಂತಹ ಕಾರಣವನ್ನು ಪರೀಕ್ಷಿಸಲೇಬೇಕು.

ನೋವು ಬರುವುದೇಕೆ, ನಿಲ್ಲುವುದೇಕೆ?

ಕಿಡ್ನಿಯೊಳಗೆ ಸುಮ್ಮನೆ ಕುಳಿತ ಕಲ್ಲು ಅನೇಕ ವೇಳೆ ನೋಯಿಸುವುದೇ ಇಲ್ಲ. ಅದು ಜಾರಿ ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಸಣ್ಣ ನಾಳಕ್ಕೆ ಇಳಿದಾಗ ಮೂತ್ರ ಹಿಂದೆ ನಿಲ್ಲುತ್ತದೆ, ಕಿಡ್ನಿ ಊದುತ್ತದೆ, ನಾಳ ಹಿಂಡಿಕೊಳ್ಳುತ್ತದೆ. ಆಗ ಪಕ್ಕೆಯ ಹಿಂಭಾಗದಿಂದ ತೊಡೆಸಂದಿಯವರೆಗೆ ಅಲೆಅಲೆಯಾಗಿ ನೋವು ಬರುತ್ತದೆ. ರೋಗಿಗೆ ಕುಳಿತರೂ ಮಲಗಿದರೂ ಸಮಾಧಾನವಿಲ್ಲ. ವಾಂತಿ, ಬೆವರು, ಉರಿಮೂತ್ರ, ಕೆಲವೊಮ್ಮೆ ಕೆಂಪು ಮೂತ್ರ.

ನೋವು ನಿಲ್ಲಲು ಮೂರು ಕಾರಣಗಳಿರಬಹುದು. ಒಂದು, ಕಲ್ಲು ಮೂತ್ರಕೋಶಕ್ಕೆ ಬಿದ್ದಿದೆ. ಎರಡು, ಕಲ್ಲು ಸ್ವಲ್ಪ ಸರಿದು ಮೂತ್ರಕ್ಕೆ ದಾರಿ ಸಿಕ್ಕಿದೆ. ಮೂರು, ಕಲ್ಲು ಅಲ್ಲಿಯೇ ಇದೆ, ಆದರೆ ಬಹಳ ಕಾಲದ ಒತ್ತಡಕ್ಕೆ ಕಿಡ್ನಿ ತನ್ನ ಕೆಲಸವನ್ನೇ ಕಡಿಮೆ ಮಾಡಿಕೊಂಡಿದೆ. ಮೂರನೆಯದು ಅಪಾಯಕಾರಿ. ರೋಗಿ ನಗುನಗುತ್ತಾ ಓಡಾಡಿಕೊಂಡಿರುವಾಗಲೇ ಕಿಡ್ನಿ ಸೊರಗುತ್ತಿರುತ್ತದೆ. ಈ ಮೂರರಲ್ಲಿ ಯಾವುದೆಂದು ನಾಡಿ ಹಿಡಿದಾಗಲೀ ಮೂತ್ರದ ಬಣ್ಣ ನೋಡಿಯಾಗಲೀ ಹೇಳಲಾಗದು. ಸ್ಕ್ಯಾನಿಂಗ್ ಬೇಕು. ಆದ್ದರಿಂದ ಕಲ್ಲು ಕೈಗೆ ಸಿಗದೆ ನೋವು ಮಾತ್ರ ನಿಂತಿದ್ದರೆ, ವೈದ್ಯರು ಹೇಳಿದ ದಿನ ಮರುಸ್ಕ್ಯಾನಿಂಗ್ ತಪ್ಪಿಸಬೇಡಿ.

ರಿಪೋರ್ಟಿನಲ್ಲಿ ಏನು ನೋಡಬೇಕು?

ಮೊದಲು, ಕಲ್ಲು ಎಲ್ಲಿದೆ ಎಂದು ಕೇಳಿ. ಪಿತ್ತಕೋಶದ ಕಲ್ಲು ಬೇರೆ, ಕಿಡ್ನಿಯ ಕಲ್ಲು ಬೇರೆ. ‘ಹೊಟ್ಟೆಯಲ್ಲಿ ಕಲ್ಲು’ ಎಂಬ ಒಂದೇ ಮಾತು ಕೇಳಿ ಒಂದರ ಔಷಧಿಯನ್ನು ಇನ್ನೊಂದಕ್ಕೆ ಕುಡಿಯುವವರಿದ್ದಾರೆ.

ಎರಡನೆಯದು ಅಳತೆ. ನಾಳಕ್ಕಿಳಿದ 5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. 5ರಿಂದ 10 ಮಿ.ಮೀ. ಇದ್ದರೆ ಸುಮಾರು ಅರ್ಧದಷ್ಟು ಮಾತ್ರ. 10 ಮಿ.ಮೀ. ಮೀರಿದ್ದು ತಾನಾಗಿ ಬೀಳುವುದು ಅಪರೂಪ. ಬೀಳಬಹುದಾದ ಕಲ್ಲಿಗಾಗಿ ವೈದ್ಯರ ನಿಗಾದಲ್ಲಿ ಸಾಮಾನ್ಯವಾಗಿ 4ರಿಂದ 6 ವಾರ ಕಾಯಬಹುದು, ಅದಕ್ಕಿಂತ ಹೆಚ್ಚು ಕಾಯುವುದು ಸರಿಯಲ್ಲ.

ಮೂರನೆಯದು ‘ಹೈಡ್ರೋನೆಫ್ರೋಸಿಸ್’ ಎಂಬ ಪದ. ಮೂತ್ರ ಹಿಂದೆ ನಿಂತು ಕಿಡ್ನಿ ಊದಿದೆ ಎಂದು ಅದರರ್ಥ. ಈ ಪದ ಕಂಡರೆ ರಿಪೋರ್ಟನ್ನು ಕಪಾಟಿನಲ್ಲಿ ಇಡಬೇಡಿ.

ನೋವಿನ ರಾತ್ರಿ ಮನೆಯವರು ಮಾಡಬೇಕಾದದ್ದು

ರೋಗಿಯನ್ನು ಒಂದೇ ಭಂಗಿಯಲ್ಲಿ ಮಲಗಿಸಲು ಒತ್ತಾಯಿಸಬೇಡಿ. ನಡೆದಾಡಿದರೆ ಹಾಯೆನಿಸಿದರೆ ನಡೆಯಲಿ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕೆಗೆ ಇಡಿ. ಯುನಾನಿಯಲ್ಲಿ ಈ ಶಾಖಕ್ಕೆ ತಕ್ಮೀದ್ ಎನ್ನುತ್ತೇವೆ. ಸೊಂಟದವರೆಗೆ ಬೆಚ್ಚನೆಯ ನೀರಿನಲ್ಲಿ ಕೂರಿಸುವುದು ಆಬ್‌ಝನ್. ಎರಡೂ ನೋವನ್ನು ಸಡಿಲಿಸುತ್ತವೆ, ಕಲ್ಲನ್ನು ಕರಗಿಸುವುದಿಲ್ಲ. ಸಕ್ಕರೆ ಕಾಯಿಲೆಯವರಿಗೂ ಮುದುಕರಿಗೂ ಚರ್ಮದ ಅರಿವು ಕಡಿಮೆಯಿರುವುದರಿಂದ ಸುಟ್ಟೀತು, ಮೊದಲು ನಿಮ್ಮ ಕೈಗೆ ತಾಗಿಸಿ ನೋಡಿ.

ನೋವು ಜೋರಾಗಿರುವಾಗ ಒಂದೇ ಸಲಕ್ಕೆ ಎರಡು ಮೂರು ಲೀಟರ್ ನೀರು ಕುಡಿಸಿ ಕಲ್ಲನ್ನು ತಳ್ಳಬಹುದೆಂಬ ನಂಬಿಕೆ ನಮ್ಮಲ್ಲಿದೆ. ಅದರಿಂದ ಕಲ್ಲು ಬೇಗ ಬೀಳುವುದಿಲ್ಲ, ವಾಂತಿ ಮತ್ತು ನೋವು ಹೆಚ್ಚಾಗಬಹುದು. ಆ ಹೊತ್ತಿನಲ್ಲಿ ಬಾಯಾರಿಕೆಗೆ ತಕ್ಕಂತೆ ಗುಟುಕು ಗುಟುಕಾಗಿ ಕೊಡಿ. ಹೆಚ್ಚು ನೀರಿನ ಕೆಲಸ ನೋವಿಲ್ಲದ ದಿನಗಳದ್ದು.

ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ ಕೊಡಿ. ಕಿಡ್ನಿ ದುರ್ಬಲವಾಗಿರುವವರಿಗೆ, ಹೊಟ್ಟೆ ಹುಣ್ಣಿನವರಿಗೆ, ಗರ್ಭಿಣಿಯರಿಗೆ ಅಂಗಡಿಯಿಂದ ತಂದ ಮಾತ್ರೆಯೇ ಅಪಾಯವಾಗಬಹುದು. ಒಂದು ಚೀಟಿಯಲ್ಲಿ ಬರೆದಿಡಿ: ನೋವು ಯಾವಾಗ ಶುರುವಾಯಿತು, ಜ್ವರ ಎಷ್ಟು, ವಾಂತಿ ಎಷ್ಟು ಸಲ, ಕೊನೆಯ ಬಾರಿ ಮೂತ್ರ ಯಾವಾಗ, ಯಾವ ಮಾತ್ರೆ ಎಷ್ಟು ಹೊತ್ತಿಗೆ. ಆಸ್ಪತ್ರೆಯಲ್ಲಿ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಬೆಳಗಾಗುವವರೆಗೆ ಕಾಯಬಾರದ ಲಕ್ಷಣಗಳು

• ನೋವಿನ ಜೊತೆಗೆ ಜ್ವರ, ಚಳಿ ನಡುಕ. ಮುಚ್ಚಿದ ನಾಳದ ಹಿಂದೆ ಕೀವು ಸೇರಿದರೆ ಕೆಲವೇ ಗಂಟೆಗಳಲ್ಲಿ ಸೋಂಕು ರಕ್ತಕ್ಕೆ ಏರಿ ಪ್ರಾಣಕ್ಕೆ ಕುತ್ತಾಗಬಹುದು.
• ಮೂತ್ರ ಪೂರ್ತಿ ನಿಂತಿರುವುದು ಅಥವಾ ತೀರಾ ಕಡಿಮೆಯಾಗಿರುವುದು.
• ರೋಗಿಗೆ ಒಂದೇ ಕಿಡ್ನಿ ಇದೆ, ಅಥವಾ ಎರಡೂ ಕಡೆ ಕಲ್ಲಿದೆ.
• ಗರ್ಭಿಣಿ, ಚಿಕ್ಕ ಮಗು, ಸಕ್ಕರೆ ಕಾಯಿಲೆ ಹೆಚ್ಚಿರುವವರು.
• ನಿಲ್ಲದ ವಾಂತಿ, ಮಾತ್ರೆಗೆ ಜಗ್ಗದ ನೋವು, ಮಂಪರು ಅಥವಾ ಗೊಂದಲದ ಮಾತು.

ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಇಂತಹ ಹೊತ್ತಿನಲ್ಲಿ ಹಕೀಮರ ಬಳಿಗೂ ಬರಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ. ಇಳಕಲ್ಲಿನಿಂದ ಬಾಗಲಕೋಟೆಗೆ ಗಂಟೆಗೂ ಮೀರಿದ ಹಾದಿ. ನವನಗರದ ಜಿಲ್ಲಾ ಆಸ್ಪತ್ರೆ ಅಥವಾ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಗೆ ಹೋಗುವುದಾದರೂ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮತ್ತು ಡ್ರಿಪ್ ಹಾಕಿಸಿಕೊಂಡು ಹೊರಡುವುದು ಒಳ್ಳೆಯದು. ಬಿ.ಪಿ.ಎಲ್. ಕಾರ್ಡು, ಆಧಾರ್, ಹಳೆಯ ರಿಪೋರ್ಟುಗಳನ್ನು ಒಂದೇ ಚೀಲದಲ್ಲಿಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಸಿಗುವುದೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಗಂಡಸರು ಊರಲ್ಲಿಲ್ಲವೆಂದು ಹೆಣ್ಣುಮಕ್ಕಳ ನೋವನ್ನು ಬೆಳಗಿನವರೆಗೆ ತಡೆಹಿಡಿಯುವ ಮನೆಗಳಿವೆ. ಜ್ವರ ಕೂಡಿದ ನೋವಿಗೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಬಿದ್ದ ಕಲ್ಲನ್ನು ಬಿಸಾಡಬೇಡಿ

ಕಲ್ಲು ಬೀಳುವ ನಿರೀಕ್ಷೆಯಿದ್ದಾಗ ಪ್ರತಿ ಸಲದ ಮೂತ್ರವನ್ನು ಸೋಸಿ. ಚಹಾ ಸೋಸುವಂತಹ ಸಣ್ಣ ಜಾಲರಿಯೊಂದನ್ನು ಇದಕ್ಕೆಂದೇ ಬೇರೆ ಇಡಿ, ಅಥವಾ ತೆಳುವಾದ ಬಿಳಿ ಬಟ್ಟೆ ಸಾಕು. ಸಿಕ್ಕ ಕಲ್ಲು ಎಳ್ಳಿನಷ್ಟಿದ್ದರೂ ತೊಳೆದು, ಒಣಗಿಸಿ, ಚಿಕ್ಕ ಡಬ್ಬಿಯಲ್ಲಿಟ್ಟು ವೈದ್ಯರಿಗೆ ಕೊಡಿ. ಕಲ್ಲು ಬಿದ್ದಿದೆ ಎಂಬುದಕ್ಕೆ ಅದು ಸಾಕ್ಷಿ. ಅದು ಯಾವ ಜಾತಿಯದೆಂದು ಪ್ರಯೋಗಾಲಯದಲ್ಲಿ ತಿಳಿದರೆ ಮುಂದಿನ ಪಥ್ಯವೂ ಔಷಧಿಯೂ ಅದಕ್ಕೆ ಸರಿಹೊಂದುತ್ತವೆ.

ಯುನಾನಿ ಔಷಧಿಗೆ ಇರುವ ಜಾಗ

ನನ್ನ ವೃತ್ತಿಯ ಬಗ್ಗೆಯೇ ಕೆಲವು ಮಾತು ಹೇಳಬೇಕು. ಯುನಾನಿಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಗಳಿವೆ, ಕಲ್ಲು ಒಡೆಯಲು ಕೊಡುವ ಔಷಧಿಗಳಿವೆ. ಶರ್ಬತ್ ಬಝೂರಿ, ನೆಗ್ಗಿಲು ಮುಳ್ಳು, ಹುರಳಿ, ಹಜರುಲ್ ಯಹೂದ್ ಎಂಬ ಕಲ್ಲಿನ ಭಸ್ಮ ಇವೆಲ್ಲ ಬಳಕೆಯಲ್ಲಿವೆ. ಚಿಕ್ಕ ಕಲ್ಲಿದ್ದು, ನಾಳ ಮುಚ್ಚಿಲ್ಲದೆ, ಸೋಂಕಿಲ್ಲದೆ ಇರುವಾಗ ಸ್ಕ್ಯಾನಿಂಗ್ ನಿಗಾದಲ್ಲಿ ಇವನ್ನು ಕೊಡುತ್ತೇವೆ. ದೊಡ್ಡ ಕಲ್ಲು ನಾಳವನ್ನು ಮುಚ್ಚಿಕೊಂಡಿರುವಾಗ ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು, ಮುಚ್ಚಿದ ಕಾಲುವೆಗೆ ಮತ್ತೂ ನೀರು ಬಿಟ್ಟಂತೆ.

ಹುರಳಿ ಸಾರು, ಬಾಳೆದಿಂಡಿನ ಪಲ್ಯ ಊಟದಲ್ಲಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ 12 ಮಿ.ಮೀ. ಕಲ್ಲು ಅದರಿಂದ ಕರಗುತ್ತದೆಂದು ಆರು ತಿಂಗಳು ಕಾಯಬೇಡಿ. ಔಷಧಿಯಿಂದ ಖಚಿತವಾಗಿ ಕರಗಿಸಬಲ್ಲದ್ದು ಮುಖ್ಯವಾಗಿ ಯೂರಿಕ್ ಆಮ್ಲದ ಕಲ್ಲು. ಅದಕ್ಕೆ ಮೂತ್ರದ ಹುಳಿಯನ್ನು ತಗ್ಗಿಸುವ ಚಿಕಿತ್ಸೆ ಬೇಕು. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಪುಡಿ, ಭಸ್ಮಗಳನ್ನು ಮುಟ್ಟಬೇಡಿ. ಅದರಲ್ಲಿ ಯಾವ ಲೋಹವಿದೆಯೋ ನಿಮ್ಮ ಕಿಡ್ನಿಯೇ ಅನುಭವಿಸಬೇಕು. ಬಿಯರ್ ಕುಡಿದರೆ ಕಲ್ಲು ಹೋಗುತ್ತದೆ ಎಂದು ಗೆಳೆಯರು ಹೇಳಿಕೊಟ್ಟದ್ದನ್ನು ಕೆಲವು ಯುವಕರು ಕೇಳುತ್ತಾರೆ. ಅದು ಹರಾಮ್ ಎಂಬುದು ಗೊತ್ತೇ ಇದೆ. ವೈದ್ಯಕೀಯವಾಗಿಯೂ ಅದು ಔಷಧಿಯಲ್ಲ, ಯೂರಿಕ್ ಆಮ್ಲವನ್ನು ಏರಿಸುವ ಪಾನೀಯ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ಹೊರಗಿನಿಂದ ಅಲೆಗಳನ್ನು ಹಾಯಿಸಿ ರೋಗಿಯ ಕಿಡ್ನಿಯ ಕಲ್ಲನ್ನು ಪುಡಿ ಮಾಡಲಾಯಿತು. ಈಗ ಅದರ ಜೊತೆಗೆ ಮೂತ್ರದ ದಾರಿಯಿಂದ ದುರ್ಬೀನು ಹಾಕಿ ಲೇಸರ್‌ನಿಂದ ಒಡೆಯುವುದು, ಬೆನ್ನಿನಲ್ಲಿ ಚಿಕ್ಕ ರಂಧ್ರ ಮಾಡಿ ತೆಗೆಯುವುದು ಸಾಮಾನ್ಯವಾಗಿದೆ. ಕೆಲವು ದಿನ ಮೂತ್ರ ತಿಳಿಗೆಂಪಾಗಿರಬಹುದು, ಮರಳಿನಂತಹ ಚೂರುಗಳು ಬೀಳಬಹುದು. ಗಡ್ಡೆಗಡ್ಡೆಯಾಗಿ ರಕ್ತ ಬಂದರೆ, ಜ್ವರ ಬಂದರೆ ಕೂಡಲೇ ಮರಳಿ ಹೋಗಿ.

ಹಲವರಿಗೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳುವಾದ ನಳಿಕೆಯನ್ನು ಒಳಗೆ ಬಿಟ್ಟಿರುತ್ತಾರೆ. ಇದಕ್ಕೆ ಡಿ.ಜೆ. ಸ್ಟೆಂಟ್ ಎನ್ನುತ್ತಾರೆ. ಅದು ಇರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಸೆಳೆತ ಇರುವುದು ಸಹಜ. ಈ ಸ್ಟೆಂಟ್ ತಾನಾಗಿ ಕರಗುವುದಿಲ್ಲ. ವೈದ್ಯರು ಹೇಳಿದ ದಿನ ತೆಗೆಸಲೇಬೇಕು. ನೋವಿಲ್ಲವೆಂದು ಮರೆತು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟಿ, ಮೊದಲಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಕಿಡ್ನಿಯೂ ಹೋಗಬಹುದು. ಮನೆಗೆ ಬರುವ ಮುನ್ನ ಎರಡು ಪ್ರಶ್ನೆ ಕೇಳಿ: ‘ಒಳಗೆ ಸ್ಟೆಂಟ್ ಇದೆಯೇ? ಯಾವ ತಾರೀಖಿಗೆ ತೆಗೆಸಬೇಕು?’ ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿರಿ.

ಮತ್ತೆ ಬಾರದಂತೆ: ನೀರು

ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಮತ್ತೆ ಆಗುತ್ತದೆ. ನೀರು ಇದನ್ನು ಎಷ್ಟು ತಡೆಯಬಲ್ಲದು? ಇಟಲಿಯ ಪಾರ್ಮಾದ ವೈದ್ಯರು ಮೊದಲ ಬಾರಿ ಕ್ಯಾಲ್ಸಿಯಂ ಕಲ್ಲಾದವರನ್ನು ಐದು ವರ್ಷ ಗಮನಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ನೀರು ಕುಡಿದವರಲ್ಲಿ ನೂರಕ್ಕೆ 12 ಮಂದಿಗೆ, ಮೊದಲಿನಂತೆಯೇ ಇದ್ದವರಲ್ಲಿ ನೂರಕ್ಕೆ 27 ಮಂದಿಗೆ ಕಲ್ಲು ಮರಳಿತು.

ಎಷ್ಟು ಕುಡಿಯಬೇಕೆಂಬುದನ್ನು ಲೋಟಗಳಿಂದಲ್ಲ, ಮೂತ್ರದಿಂದ ಅಳೆಯಿರಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗಬೇಕು. ಕ್ವಾರಿಯಲ್ಲಿ ಬೆವರು ಸುರಿಸುವವರಿಗೆ ಮೂರು ಲೀಟರ್ ನೀರೂ ಸಾಲದು, ನೆರಳಲ್ಲಿರುವವರಿಗೆ ಅದೇ ಸಾಕಾದೀತು. ರಜೆಯ ಒಂದು ದಿನ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯವರೆಗಿನ ಮೂತ್ರವನ್ನು ಹಳೆಯ ಲೀಟರ್ ಬಾಟಲಿಯಲ್ಲಿ ಅಳೆದು ನೋಡಿ. ಉಳಿದ ದಿನ ಬಣ್ಣ ನೋಡಿದರೆ ಸಾಕು: ತೆಳು ಹುಲ್ಲಿನ ಬಣ್ಣವಿದ್ದರೆ ಸರಿ, ಚಹಾ ಡಿಕಾಕ್ಷನ್ನಿನತ್ತ ತಿರುಗಿದ್ದರೆ ನೀರು ಕಡಿಮೆಯಾಗಿದೆ. ಮಲಗುವ ಮುನ್ನ ಒಂದು ಲೋಟ ಕುಡಿಯಿರಿ, ರಾತ್ರಿಯೇ ಮೂತ್ರ ಹೆಚ್ಚು ದಪ್ಪವಾಗುವುದು. ಬೋರ್‌ವೆಲ್ ನೀರು ಗಡಸೆಂದು ಹೆದರಿ ಕಡಿಮೆ ಕುಡಿಯುವುದು ದೊಡ್ಡ ತಪ್ಪು. ಊರಿನ ಶುದ್ಧ ನೀರಿನ ಘಟಕದ್ದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಇದ್ದ ಕುಡಿಯುವ ನೀರನ್ನೇ ಸಾಕಷ್ಟು ಕುಡಿಯಿರಿ. ಹೃದಯ ವೈಫಲ್ಯ ಅಥವಾ ಕಿಡ್ನಿ ವೈಫಲ್ಯ ಇರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಅಳತೆ ಮೀರಬಾರದು.

ಊಟ

ಕ್ಯಾಲ್ಸಿಯಂ ಕಲ್ಲು ಎಂದ ಕೂಡಲೇ ಹಾಲು, ಮೊಸರು ಬಿಡುವವರಿದ್ದಾರೆ. ಇದು ತಿರುಗಿ ಬೀಳುವ ಪಥ್ಯ. ಊಟದ ಕ್ಯಾಲ್ಸಿಯಂ ಹೊಟ್ಟೆಯಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಪಾರ್ಮಾದ ವೈದ್ಯರೇ 2002ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಸಾಕಷ್ಟು ಕ್ಯಾಲ್ಸಿಯಂ ಇಟ್ಟುಕೊಂಡು ಉಪ್ಪು ಮತ್ತು ಮಾಂಸ ಇಳಿಸಿದವರಿಗೆ ಕಲ್ಲು ಮರಳಿದ್ದು ಸುಮಾರು ಅರ್ಧದಷ್ಟು ಮಾತ್ರ. ಆದ್ದರಿಂದ ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇದ್ದರೆ ಮೊಸರೂ ಇರಲಿ. ಶೇಂಗಾ, ಪಾಲಕ್, ಬೀಟ್‌ರೂಟ್ ಆಕ್ಸಲೇಟ್ ಹೆಚ್ಚಿರುವವು, ಮಿತಿಯಲ್ಲಿರಲಿ. ಟೊಮ್ಯಾಟೊ ಬೀಜದಿಂದ ಕಲ್ಲಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚಿಪ್ಸ್ ಇಳಿಸಿ. ಎಲ್ಲ ಸೇರಿ ದಿನಕ್ಕೆ ಒಂದು ಚಹಾ ಚಮಚೆಗಿಂತ ಹೆಚ್ಚು ಉಪ್ಪು ಬೇಡ. ಬಕ್ರೀದಿನ ದಿನಗಳಲ್ಲಿ ಮೂರು ಹೊತ್ತೂ ಮಾಂಸ, ಕಲೇಜಿ, ಪಾಯಾ ಎಂದಾದರೆ ಯೂರಿಕ್ ಆಮ್ಲ ಏರುತ್ತದೆ. ಕಲ್ಲಾದವರು ಒಂದು ಹೊತ್ತಿಗೆ ಮಿತಿಗೊಳಿಸಿ, ಉಳಿದದ್ದನ್ನು ಹಂಚಲಿ. ನಿಂಬೆಯ ಸಿಟ್ರೇಟ್ ಹರಳು ಕಟ್ಟುವುದನ್ನು ತಡೆಯುತ್ತದೆ, ನೀರಿಗೆ ನಿಂಬೆ ಹಿಂಡಿಕೊಳ್ಳಿ. ಉಪ್ಪು, ಸಕ್ಕರೆ ತುಂಬಬೇಡಿ.

ರಮಝಾನ್ ಮತ್ತು ನಮಾಝ್

ಹಿಂದೆ ಕಲ್ಲಾಗಿ ಈಗ ಆರಾಮವಾಗಿರುವ ಹೆಚ್ಚಿನವರು ರೋಝಾ ಹಿಡಿಯಬಹುದು. ಇಫ್ತಾರ್‌ನಿಂದ ಸಹರಿಯವರೆಗೆ ಸುಮಾರು ಹತ್ತು ಗಂಟೆ ಸಿಗುತ್ತದೆ. ಇಫ್ತಾರ್‌ಗೆ ಎರಡು ಲೋಟ, ಮಗ್ರಿಬ್‌ನಿಂದ ಇಶಾವರೆಗೆ ಎರಡು, ತರಾವೀಹ್ ಮುಗಿದ ಮೇಲೆ ಎರಡು, ಮಲಗುವಾಗ ಒಂದು, ಸಹರಿಗೆ ಮೂರು. 250 ಮಿ.ಲೀ. ಲೋಟದಲ್ಲಿ ಇದು ಎರಡೂವರೆ ಲೀಟರ್ ಆಯಿತು. ಸಾಧ್ಯವಾದರೆ ಬಿಸಿಲಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಹೊಂದಿಸಿಕೊಳ್ಳಿ.

ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುವವರು, ಜ್ವರವಿರುವವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಒಂದೇ ಕಿಡ್ನಿಯವರು ವೈದ್ಯರನ್ನು ಕೇಳದೆ ರೋಝಾ ಹಿಡಿಯಬಾರದು. ರೋಗಿಯು ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸಬಹುದೆಂಬ ರಿಯಾಯಿತಿಯನ್ನು ಕುರ್‌ಆನ್ ಸೂರಃ ಅಲ್ ಬಕರದಲ್ಲಿ ಕೊಟ್ಟಿದೆ. ಆ ರಿಯಾಯಿತಿಯನ್ನು ಪಡೆಯಲು ನಾಚಬೇಕಿಲ್ಲ. ಸ್ಟೆಂಟ್ ಅಥವಾ ಮೂತ್ರದ ನಳಿಕೆ ಇರುವವರು ಬಟ್ಟೆ ಅಶುದ್ಧವಾಗುತ್ತದೆಂದು ನೀರು ಬಿಡುವುದುಂಟು, ನಮಾಝ್ ಬಿಡುವುದೂ ಉಂಟು. ಎರಡೂ ಬೇಡ. ಮೂತ್ರ ತಡೆಯಲಾಗದ ರೋಗಿಗೆ ಶರೀಅತ್‌ನಲ್ಲಿ ವಿನಾಯಿತಿ ಇದೆ. ವುಝೂ ಹೇಗೆ ಎಂಬುದನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ ತಿಳಿಯಿರಿ, ನೀರನ್ನು ಮಾತ್ರ ಕಡಿಮೆ ಮಾಡಬೇಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಳೆದ ವರ್ಷ ಕಲ್ಲಿನ ನೋವು ಬಂದು ತಾನಾಗಿ ನಿಂತಿದ್ದರೆ, ಆ ನಂತರ ಸ್ಕ್ಯಾನಿಂಗ್ ಮಾಡಿಸಿದ್ದಾರೆಯೇ ಎಂದು ಕೇಳಿ. ಮಾಡಿಸಿಲ್ಲವಾದರೆ ಈ ವಾರವೇ ಕರೆದುಕೊಂಡು ಹೋಗಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ದಯಪಾಲಿಸಲಿ.